ಪರದೇಶದ ಕೂಲಿಗೆ ಹೊರಟ ಮಕ್ಕಳು

2025ನೆಯ ಇಸವಿ ಸೆಪ್ಟೆಂಬರ್ 19ನೆಯ ತಾರೀಖು ಶುಕ್ರವಾರ ಅಮೆರಿಕಾ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಘೋಷಣೆಗೆ ರುಜು ಹಾಕಿದರು. ಪರದೇಶದಿಂದ ಕುಶಲ ಕೆಲಸಗಾರರನ್ನು ಕರೆಸಿಕೊಳ್ಳಲು ಆ ದೇಶದಲ್ಲಿ ಎಚ್-1ಬಿ ಎಂಬೊಂದು ವೀಸಾ ಉಂಟು. ಆ ವೀಸಾದ ಮೇಲೆ ಹೊರಗಿನಿಂದ ಹೊಸದಾಗಿ ಆಳನ್ನು ಕರೆಸುವ ಧಣಿ ತಲೆಯೊಂದಕ್ಕೆ ಒಂದು ಲಕ್ಷ ಡಾಲರು ಕಟ್ಟಬೇಕು, ಕಟ್ಟದಿದ್ದರೆ ಆಳಿಗೆ ದೇಶದೊಳಕ್ಕೆ ಪ್ರವೇಶವಿಲ್ಲ ಎಂಬುದು ಘೋಷಣೆಯ ಸಾರ. ಹನ್ನೆರಡು ತಿಂಗಳ ಅವಧಿಗೆಂದು ಮಾಡಿದ ಈ ಅಪ್ಪಣೆ ಜಾರಿಗೆ ಬಂದದ್ದು ಭಾನುವಾರ, ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ. ಹಿರಿಯರಿಗೆ ಎಡೆ ಇಡಲೆಂದೋ ದಸರೆಗೆಂದೋ ಊರಿಗೆ ಬಂದಿದ್ದವರಿಗೆ, ಒಂದು ದಿನದೊಳಗೆ ಹಿಂತಿರುಗಬೇಕೆಂದು ದೊಡ್ಡ ಕಂಪನಿಗಳಿಂದ ಓಲೆ ಬಂತು. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ ಹೊರಡಲು ಸಿದ್ಧವಾಗಿದ್ದ ವಿಮಾನದಿಂದ ಜನ ಗಾಬರಿಯಾಗಿ ಇಳಿದುಹೋದರು. ಮಾರನೆಯ ದಿನ ಅಲ್ಲಿನ ಸರ್ಕಾರದವರು, ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸದೆಂದು ಸ್ಪಷ್ಟನೆ ಕೊಟ್ಟರು. ಆ ಒಂದು ರಾತ್ರಿ ಕಳೆದವರು ಕಳೆದರು.

ಧಣಿ, ಆಳು ಎಂಬ ಮಾತುಗಳನ್ನು ನಾವು ಬೇಕೆಂದೇ ಬಳಸಿದ್ದೇವೆ. ಕೊರಳಿಗೆ ಗುರುತಿನ ಪಟ್ಟಿ ತೊಟ್ಟು ಶೀತಗಾಳಿಯ ಕಟ್ಟಡದಲ್ಲಿ ಕೂರುವ ಎಂಜಿನಿಯರನ್ನು ಆಳು ಎಂದರೆ ಕೆಲವರಿಗೆ ಸಿಟ್ಟು ಬಂದೀತು. ಸಿಟ್ಟು ಬರಲಿ. ಯಾರದೋ ಒಂದು ರುಜುವಿಗೆ, ಯಾರದೋ ಒಂದು ಓಲೆಗೆ, ಉಣ್ಣುವ ಎಲೆ ಬಿಟ್ಟೆದ್ದು ಓಡಬೇಕಾದವನನ್ನು ಕನ್ನಡದಲ್ಲಿ ಬೇರೇನೆಂದು ಕರೆಯುವುದು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಳ್ಳಿಗಳಲ್ಲಿ ಮಗ ಆನ್‌ಸೈಟ್ ಹೋದನೆಂದರೆ ಅದೃಷ್ಟ ಖುಲಾಯಿಸಿತು ಎನ್ನುತ್ತಾರೆ. ಅಲ್ಲಿಂದ ತಿರುಗಿ ಬಂದನೆಂದರೆ ಗ್ರಹಚಾರ ಎನ್ನುತ್ತಾರೆ. ಅದೃಷ್ಟವೂ ಅಲ್ಲ, ಗ್ರಹಚಾರವೂ ಅಲ್ಲ. ಅದೊಂದು ಕೂಲಿಯ ಒಪ್ಪಂದ. ಕೂಲಿಯ ಒಪ್ಪಂದವನ್ನು ಹೇಗೆ ಓದಬೇಕೋ ಹಾಗೆ ಅದನ್ನು ಓದದೆ, ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ರುಜು ಹಾಕುತ್ತಿರುವುದರಿಂದಲೇ ನಮ್ಮ ಮಕ್ಕಳು ನಷ್ಟಕ್ಕೆ ಒಳಗಾಗುತ್ತಿದ್ದಾರೆಂಬುದು ನಮ್ಮ ಅಭಿಪ್ರಾಯ.

ಈ ವ್ಯವಹಾರ ಎಂಥದೆಂಬುದನ್ನು ಮೊದಲು ತಿಳಿಯೋಣ. ಅಮೆರಿಕದ ಒಂದು ಬ್ಯಾಂಕಿಗೋ ವಿಮಾ ಕಂಪನಿಗೋ ಲೆಕ್ಕಪತ್ರದ ಕೆಲಸ ಮಾಡುವ ಕಂಪ್ಯೂಟರ್ ಕ್ರಮಗಳು ಬೇಕು. ಬೆಂಗಳೂರಿನ ಕಂಪನಿ ಅದನ್ನು ಬರೆದುಕೊಡಲು ಗುತ್ತಿಗೆ ಹಿಡಿಯುತ್ತದೆ. ಬಹುಪಾಲು ಕೆಲಸ ಇಲ್ಲಿಯೇ ಆಗುತ್ತದೆ. ಆದರೆ ಗಿರಾಕಿಯ ಬಾಯಿಂದ ಬೇಕುಬೇಡಗಳನ್ನು ಕೇಳಿಕೊಂಡು ಇಲ್ಲಿಗೆ ತಿಳಿಸುವುದಕ್ಕೂ, ಕೆಟ್ಟದ್ದನ್ನು ಸ್ಥಳದಲ್ಲೇ ಸರಿಮಾಡುವುದಕ್ಕೂ ಕೆಲವರು ಗಿರಾಕಿಯ ಕಚೇರಿಯಲ್ಲೇ ಕೂರಬೇಕಾಗುತ್ತದೆ. ಅದೇ ಆನ್‌ಸೈಟ್. ನ್ಯೂಯಾರ್ಕಿಗೂ ಬೆಂಗಳೂರಿಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ಅಂತರ. ಹಗಲು ಗಿರಾಕಿಯ ಮುಂದೆ ದುಡಿದವನು ರಾತ್ರಿ ಬೆಂಗಳೂರಿನ ತಂಡದೊಡನೆ ಮಾತಿಗೆ ಕೂರುತ್ತಾನೆ. ಎರಡು ದೇಶದ ಸೂರ್ಯನೂ ಅವನ ಮೇಲೆಯೇ ಹುಟ್ಟುತ್ತಾನೆ.

ಇದು ಇಂದಿನದಲ್ಲ. ಟಾಟಾ ಕನ್ಸಲ್ಟೆನ್ಸಿಯವರು 1974ರಲ್ಲಿ ಅಮೆರಿಕದ ಬರೋಸ್ ಕಂಪನಿಯ ಕೆಲಸ ಹಿಡಿದಂದಿನಿಂದ ನಡೆದು ಬಂದದ್ದು. ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂತು. ಆಗ ಇಲ್ಲಿ ಯಂತ್ರಗಳಿಗೆ ಬರ, ಆಮದಿಗೆ ನೂರೆಂಟು ಅಡ್ಡಿ, ದೂರಸಂಪರ್ಕವೆಂಬುದು ಇಲ್ಲವೆನ್ನುವಷ್ಟು. ಆದ್ದರಿಂದ ಸಾಫ್ಟ್‌ವೇರ್ ರಫ್ತು ಎಂದರೆ ಬಹುಪಾಲು ಮನುಷ್ಯರ ರಫ್ತೇ ಆಗಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಕೆಲಸವನ್ನೇ ಕಳುಹಿಸುವ ದಾರಿ ತೋರಿಸಿದ ಮೇಲೆ ಮನುಷ್ಯರ ಪಾಲು ಕ್ರಮೇಣ ಕಡಿಮೆಯಾಯಿತು, ನಿಂತುಹೋಗಲಿಲ್ಲ. ಈ ದಂಧೆಗೆ ಇಂಗ್ಲಿಷಿನಲ್ಲಿ ಮೈಮಾರಾಟವೆಂಬ ಅರ್ಥ ಬರುವ ಹೆಸರನ್ನೇ ಇಟ್ಟುಕೊಂಡಿದ್ದರು. ನಾವು ಇಟ್ಟ ಹೆಸರಲ್ಲ, ಅವರೇ ಇಟ್ಟುಕೊಂಡದ್ದು.

ಇದನ್ನು ನಮ್ಮ ಗೂಡಿನ ಮಾರುಕಟ್ಟೆಗೆ ಹೋಲಿಸಿ ನೋಡಬೇಕು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಒಂದಾನೊಂದು ಕಾಲದಲ್ಲಿ ದಲ್ಲಾಳಿಯು ಹೆಗಲ ಮೇಲಿನ ವಸ್ತ್ರದ ಮರೆಯಲ್ಲಿ ಬೆರಳು ಮುಟ್ಟಿ ವ್ಯಾಪಾರ ಮುಗಿಸುತ್ತಿದ್ದನಂತೆ. ಬೆಳೆದವನಿಗೆ ತನ್ನ ಗೂಡು ಎಷ್ಟಕ್ಕೆ ಹೋಯಿತೆಂಬುದೇ ತಿಳಿಯುತ್ತಿರಲಿಲ್ಲ. 1959ರ ಕಾಯಿದೆಯೂ ಆಮೇಲಿನ ತಿದ್ದುಪಡಿಗಳೂ ಬಂದ ಮೇಲೆ ಗೂಡನ್ನು ಬಹಿರಂಗ ಹರಾಜಿನಲ್ಲೇ ಮಾರಬೇಕಾಯಿತು. ಇಂದು ಜಾಲರಿಯ ಮುಂದೆ ನಿಂತ ರೈತನಿಗೆ ತನ್ನ ಲಾಟಿನ ಬೆಲೆ ಕಣ್ಣಿಗೆ ಕಾಣುತ್ತದೆ. ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕೂ ಇದೆ. ತೂಕದಲ್ಲಿ ಮೋಸವಾದರೆ ಜಗಳ ತೆಗೆಯುತ್ತಾನೆ, ತೆಗೆಯಲೂ ಬೇಕು. ಅದೇ ರೈತ ಅದೇ ಗೂಡಿನ ದುಡ್ಡಿನಲ್ಲಿ ಎಂಜಿನಿಯರಿಂಗ್ ಓದಿಸಿದ ಮಗನ ದುಡಿಮೆ ಗಂಟೆಗೆ ಎಷ್ಟು ಡಾಲರಿಗೆ ಮಾರಾಟವಾಗುತ್ತಿದೆ? ಬಿಲ್ಲಿನ ದರವೆಂದು ಅದಕ್ಕೊಂದು ಹೆಸರಿದೆ. ಗಿರಾಕಿಗೆ ಗೊತ್ತು, ಕಂಪನಿಗೆ ಗೊತ್ತು. ಬಹುಮಟ್ಟಿಗೆ ದುಡಿಯುವ ಹುಡುಗನಿಗೇ ಗೊತ್ತಿರುವುದಿಲ್ಲ. ವಸ್ತ್ರದ ಮರೆಯ ವ್ಯಾಪಾರ ಗೂಡಿನ ಮಾರುಕಟ್ಟೆಯಿಂದ ಎದ್ದುಹೋಗಿ ಎಲೆಕ್ಟ್ರಾನಿಕ್ ಸಿಟಿಗೆ ಸೇರಿಕೊಂಡಿದೆ. ಚನ್ನಪಟ್ಟಣದ ಗೊಂಬೆಗಾದರೂ ಭೌಗೋಳಿಕ ಗುರುತಿನ ಕಾನೂನಿನ ರಕ್ಷಣೆಯಿದೆ. ಗೊಂಬೆ ಮಾಡುವ ಊರಿನ ಹುಡುಗನಿಗೆ ಇಲ್ಲ.

ಮಾರಾಟದ ಬೆಲೆ ತಿಳಿಯದಿದ್ದರೆ ಹೋಗಲಿ, ಕೈಗೆ ಬಂದ ಸಂಬಳದಲ್ಲಿ ಮುರಿದುಕೊಂಡ ದುಡ್ಡಾದರೂ ಎಲ್ಲಿ ಹೋಯಿತೆಂದು ಕೇಳಬೇಡವೇ? ಈ ವಿಷಯವನ್ನು ನಮ್ಮ ಕಡೆ ಯಾರೂ ಎತ್ತುತ್ತಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ. ಅಮೆರಿಕದಲ್ಲಿ ಮುಪ್ಪಿನ ಕಾಲದ ಮಾಸಾಶನಕ್ಕೆಂದು ಪ್ರತಿಯೊಬ್ಬ ದುಡಿಮೆಗಾರನ ಸಂಬಳದಿಂದ ನೂರಕ್ಕೆ 6.2 ಪಾಲನ್ನೂ, ಮುಪ್ಪಿನ ವೈದ್ಯೋಪಚಾರಕ್ಕೆಂದು 1.45 ಪಾಲನ್ನೂ ಹಿಡಿಯುತ್ತಾರೆ. ಧಣಿಯೂ ಅಷ್ಟೇ ಮೊತ್ತ ಕಟ್ಟಬೇಕು. ಒಳ್ಳೆಯ ಕಾನೂನು; ನಮ್ಮಲ್ಲಿಯೂ ಎಲ್ಲ ದುಡಿಮೆಗಾರರಿಗೂ ಅಂಥದು ಬರಬೇಕೆನ್ನುವವರು ನಾವು. ಆದರೆ ಮಾಸಾಶನಕ್ಕೆ ಅರ್ಹತೆ ಬರಬೇಕಾದರೆ ಸುಮಾರು ಹತ್ತು ವರ್ಷ ಅಲ್ಲಿ ದುಡಿದು ಕಟ್ಟಿರಬೇಕು. ಎಚ್-1ಬಿ ವೀಸಾ ಸಾಮಾನ್ಯವಾಗಿ ಆರು ವರ್ಷಕ್ಕೆ ಮುಗಿಯುತ್ತದೆ. ಹತ್ತು ವರ್ಷ ಇದ್ದರೆ ಮಾತ್ರ ಕೊಡುತ್ತೇವೆ, ಆರು ವರ್ಷಕ್ಕೆ ಹೊರಡಿಸುತ್ತೇವೆ ಎಂದರೆ ಕಟ್ಟಿದ ದುಡ್ಡು ಯಾರ ಪಾಲಾಯಿತು?

ಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕ ಇದು. ಒಬ್ಬನ ವರ್ಷದ ಸಂಬಳ 80,000 ಡಾಲರೆಂದು ಇಟ್ಟುಕೊಳ್ಳಿ. ಎರಡೂ ಬಾಬ್ತು ಸೇರಿ ನೂರಕ್ಕೆ 7.65ರಂತೆ ವರ್ಷಕ್ಕೆ 6,120 ಡಾಲರು. ಆರು ವರ್ಷಕ್ಕೆ 36,720 ಡಾಲರು. ಡಾಲರಿಗೆ 85 ರೂಪಾಯಿ ಹಿಡಿದರೂ 31 ಲಕ್ಷ ರೂಪಾಯಿ ದಾಟುತ್ತದೆ. ಇಷ್ಟೇ ಮೊತ್ತವನ್ನು ಅವನ ಹೆಸರಿನಲ್ಲಿ ಧಣಿಯೂ ಕಟ್ಟಿರುತ್ತಾನೆ. ಹುಡುಗ ಆರನೆಯ ವರ್ಷ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದರೆ ಇದರಲ್ಲಿ ಒಂದು ಕಾಸೂ ಅವನ ಹಿಂದೆ ಬರುವುದಿಲ್ಲ. ಬಡದೇಶದ ಯುವಕ ಶ್ರೀಮಂತ ದೇಶದ ಮುದುಕರಿಗೆ ಮಾಸಾಶನ ಕಟ್ಟಿ ಬಂದಂತಾಯಿತು. ಆ ಮುದುಕರ ಮೇಲೆ ನಮಗೆ ಹಗೆಯಿಲ್ಲ, ಅವರೂ ದುಡಿದು ದಣಿದವರೇ. ಆದರೆ ನಮ್ಮ ಹುಡುಗನ ಮುಪ್ಪಿಗೆ ಯಾರು ಕೊಡುವವರು?

ಇದಕ್ಕೆ ಪರಿಹಾರ ಇಲ್ಲದೆ ಇಲ್ಲ. ಎರಡು ಸರ್ಕಾರಗಳು ಕುಳಿತು ಸಾಮಾಜಿಕ ಭದ್ರತೆಯ ಒಪ್ಪಂದ ಮಾಡಿಕೊಂಡರೆ, ಇಲ್ಲಿ ಭವಿಷ್ಯನಿಧಿ ಕಟ್ಟುವವನು ಸ್ವಲ್ಪ ಕಾಲಕ್ಕೆಂದು ಅಲ್ಲಿಗೆ ಹೋದಾಗ ಮತ್ತೊಮ್ಮೆ ಅಲ್ಲಿ ಕಟ್ಟಬೇಕಾಗಿಲ್ಲ. ಭಾರತ ಇಂಥ ಒಪ್ಪಂದಗಳನ್ನು ಮಾಡಿಕೊಂಡಿಲ್ಲವೆಂದಲ್ಲ. ಬೆಲ್ಜಿಯಂ ಜೊತೆಗಿನದು 2009ರಲ್ಲೇ ಜಾರಿಗೆ ಬಂತು, ಜಪಾನಿನೊಡನೆ ಮಾಡಿಕೊಂಡದ್ದು 2016ರಲ್ಲಿ. ಜರ್ಮನಿ, ಫ್ರಾನ್ಸ್, ದಕ್ಷಿಣ ಕೊರಿಯಾ, ಹೀಗೆ ಪಟ್ಟಿ ಬೆಳೆದಿದೆ. ಅಮೆರಿಕವೂ 1978ರಲ್ಲಿ ಇಟಲಿಯಿಂದ ಆರಂಭಿಸಿ ಹಲವು ದೇಶಗಳೊಡನೆ ಇಂಥದೇ ಒಪ್ಪಂದಕ್ಕೆ ರುಜು ಹಾಕಿದೆ. ಆದರೆ ನಮ್ಮ ಹುಡುಗರು ಎಲ್ಲಕ್ಕಿಂತ ಹೆಚ್ಚಾಗಿ ಹೋಗುವ ದೇಶದೊಡನೆ, ವರ್ಷಗಟ್ಟಲೆ ಮಾತುಕತೆ ನಡೆಸಿಯೂ, ದಿಲ್ಲಿಯವರು ಒಪ್ಪಂದ ತಂದಿಲ್ಲ. 2008ರಲ್ಲಿ ಭಾರತ ಸರ್ಕಾರ, ಇಲ್ಲಿಗೆ ಬಂದು ದುಡಿಯುವ ಪರದೇಶೀಯರೂ ಪೂರ್ತಿ ಸಂಬಳದ ಮೇಲೆ ಭವಿಷ್ಯನಿಧಿ ಕಟ್ಟಬೇಕೆಂದು ವಿಧಿಸಿತು. ಅವರಿಗೂ ಬಿಸಿ ತಟ್ಟಿದರೆ ಒಪ್ಪಂದಕ್ಕೆ ಬಂದಾರೆಂಬ ಎಣಿಕೆ ಅದರಲ್ಲಿತ್ತು. ಕರ್ನಾಟಕ ಹೈಕೋರ್ಟು 2024ರ ಏಪ್ರಿಲಿನಲ್ಲಿ ಆ ವಿಧಿಯನ್ನೇ ಅಸಿಂಧುವೆಂದಿತು. ವಿಮಾನ, ತೈಲ, ಬಾದಾಮಿ, ಸೇಬು ಎಂದು ವ್ಯಾಪಾರದ ಮಾತುಕತೆಗೆ ಕೂರುವ ಮಂತ್ರಿಗಳಿಗೆ ನಮ್ಮ ಮಕ್ಕಳ ಈ ದುಡ್ಡು ಏಕೆ ನೆನಪಾಗುವುದಿಲ್ಲ? ನೆನಪು ಮಾಡುವ ಗಂಟಲುಗಳಿಲ್ಲ, ಅಷ್ಟೆ. ಕಂಪನಿಗೆ ತನ್ನ ಪಾಲು ಖರ್ಚಿನ ಲೆಕ್ಕಕ್ಕೆ ಹೋಗುತ್ತದೆ. ಹುಡುಗ ಒಂಟಿ.

ಒಂಟಿಯಾಗಿರಿಸುವ ಏರ್ಪಾಡು ಇಲ್ಲಿಂದಲೇ ಆರಂಭವಾಗುತ್ತದೆ. ಕನಕಪುರದ ಕಡೆಯ ಹಳ್ಳಿಯ ರೈತರೊಬ್ಬರು ಒಂದು ದಿನ ಇಂಗ್ಲಿಷಿನ ಹತ್ತಾರು ಹಾಳೆಗಳ ಕಂತೆ ಹಿಡಿದು ನಮ್ಮ ಕಚೇರಿಗೆ ಬಂದರು. ಮಗ ನಮ್ಮಲ್ಲೇ ಅಕ್ಷರ ಕಲಿತವನು. ಕಂಪನಿ ಆನ್‌ಸೈಟ್ ಕಳುಹಿಸುತ್ತದೆ, ತಂದೆಯ ರುಜುವೂ ಬೇಕೆಂದಿದ್ದಾರೆ, ಏನೆಂದು ನೋಡಿ ಹೇಳಿ ಎಂದರು. ಹೋಗಿ ಬಂದ ಮೇಲೆ ಇಂತಿಷ್ಟು ತಿಂಗಳು ಕೆಲಸ ಬಿಡುವಂತಿಲ್ಲ, ಬಿಟ್ಟರೆ ಮೂರು ಲಕ್ಷ ರೂಪಾಯಿ ತೆರಬೇಕು, ಅದಕ್ಕೆ ತಂದೆ ಜಾಮೀನು. ಪಹಣಿಯ ನಕಲನ್ನೂ ಕೇಳಿದ್ದರು. ಆ ರೈತರಿಗೆ ಕಾಗದದ ಅರ್ಥ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪ ಬಿಚ್ಚಾಣಿಕೆ ಮನೆಯಲ್ಲಿ ಮುಂಗಡ ತಗೊಂಡಾಗಲೂ ಇಂಗೇ ಬರೆಸ್ಕೊಂಡಿದ್ರು" ಎಂದರು. ಕಂಪನಿಯ ಹೆಸರು ಇಲ್ಲಿ ಬೇಡ. ಒಂದು ಕಂಪನಿಯ ಚಾಳಿಯಷ್ಟೇ ಆಗಿದ್ದರೆ ಬರೆಯುವ ಅಗತ್ಯವೂ ಇರುತ್ತಿರಲಿಲ್ಲ.

ಆ ರೈತರ ಮಾತನ್ನು ಸ್ವಲ್ಪ ವಿವರಿಸಬೇಕು. ರೇಷ್ಮೆಯ ಬಿಚ್ಚಾಣಿಕೆ ಮನೆ, ಹುರಿಮಾಡುವ ಕಾರ್ಖಾನೆಗಳಲ್ಲಿ ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ಪದ್ಧತಿ ರಾಮನಗರ, ಮಾಗಡಿಗಳಿಗೆ ಹೊಸದಲ್ಲ. ಜೀತಪದ್ಧತಿಯನ್ನು ರದ್ದುಮಾಡಿದ ಕಾಯಿದೆ ಬಂದದ್ದು 1976ರಲ್ಲಿ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯ ವರದಿ, ತಂದೆತಾಯಿಗಳು ಪಡೆದ ಮುಂಗಡಕ್ಕಾಗಿ ಈ ಕಸುಬಿನಲ್ಲಿ ಸಿಕ್ಕಿಕೊಂಡ ಮಕ್ಕಳ ಕಥೆಯನ್ನು ಲೋಕಕ್ಕೆ ಸಾರಿತು. ಇನ್ನೂ ಹಿಂದಕ್ಕೆ ಹೋದರೆ, ಇಂಗ್ಲಿಷರು 1859ರಲ್ಲೇ ಒಂದು ಕಾಯಿದೆ ಮಾಡಿ, ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯನ್ನು ಅಪರಾಧಿಯೆಂದು ಸೆರೆಗೆ ಹಾಕಲು ಅವಕಾಶ ಮಾಡಿದ್ದರು. 1925ರಲ್ಲಿ ಅದನ್ನು ತೆಗೆದುಹಾಕುವ ಕಾನೂನು ಆಯಿತು. ಕಾಫಿ ತೋಟದ ಮೇಸ್ತ್ರಿಗಳ ಕೈಗೆ ಬಲ ಬಂದದ್ದು ಇಂಥ ಕಾನೂನುಗಳಿಂದಲೇ.

ಹೋಲಿಕೆಯಲ್ಲಿ ಅತಿರೇಕ ಬೇಡ. ಸುಡುನೀರಿನ ಬಾಣಲೆಯಲ್ಲಿ ಬೆರಳು ಬೇಯಿಸಿಕೊಂಡ ಮಗುವಿನ ಪಾಡೇ ಬೇರೆ, ತಿಂಗಳಿಗೆ ಆರಂಕಿ ಸಂಬಳದ ಎಂಜಿನಿಯರನ ಪಾಡೇ ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಆ ಮಗುವಿಗೆ ಅನ್ಯಾಯ ಮಾಡಿದಂತೆ. ಆದರೆ ಹಗ್ಗದ ಗಂಟು ಒಂದೇ ಜಾತಿಯದು: ಮೊದಲು ಉಪಕಾರ, ಆಮೇಲೆ ಬಂಧನ. ಬ್ಯಾಂಕಿನ ಅಧಿಕಾರಿಯೊಬ್ಬರು ಅವಧಿಗೆ ಮುಂಚೆ ಕೆಲಸ ಬಿಟ್ಟ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟು, ಮೂರು ವರ್ಷ ದುಡಿಯಬೇಕು, ಇಲ್ಲವಾದರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಕರಾರು ಕಾನೂನುಬದ್ಧವೆಂದಿತು. ಅದು ಸಾರ್ವಜನಿಕ ಬ್ಯಾಂಕಿನ ಮಾತು, ನೇಮಕದ ಖರ್ಚು ಸಾರ್ವಜನಿಕ ಹಣದ್ದೆಂಬುದನ್ನು ನ್ಯಾಯಾಲಯ ಗಮನಕ್ಕೆ ತೆಗೆದುಕೊಂಡಿತ್ತು. ಆದರೆ ಆ ತೀರ್ಪಿನ ನೆರಳಿನಲ್ಲಿ ಖಾಸಗಿ ಧಣಿಗಳು ಕೊಡೆ ಬಿಚ್ಚದೆ ಬಿಟ್ಟಾರೆಯೇ?

ಅಲ್ಲಿ ಹೋದ ಮೇಲೆ ಎರಡನೆಯ ಗಂಟು. ವೀಸಾ ಕೆಲಸಗಾರನದಲ್ಲ, ಅವನ ಧಣಿ ಹಾಕಿದ ಅರ್ಜಿಯದು. ಧಣಿ ಕೆಲಸದಿಂದ ತೆಗೆದರೆ ಹೊಸ ಧಣಿಯನ್ನು ಹುಡುಕಿಕೊಳ್ಳಲು ಅರವತ್ತು ದಿನ. ಆ ಕೃಪೆಯೂ 2017ರಿಂದ ಈಚೆಗಿನದು. ಮನೆ ಬಾಡಿಗೆಯ ಕರಾರು, ಮಗುವಿನ ಶಾಲೆ, ಕಾರಿನ ಕಂತು ಎಲ್ಲವೂ ಆ ಅರವತ್ತು ದಿನದ ಕತ್ತಿಯ ಕೆಳಗೆ. ಹೀಗಿರುವಲ್ಲಿ ಹೆಚ್ಚು ಸಂಬಳ ಕೇಳುವವನಾರು, ಹೆಚ್ಚು ಹೊತ್ತು ದುಡಿಯಲಾರೆ ಎನ್ನುವವನಾರು? ಹೆಂಡತಿಯ ಪಾಡು ಇನ್ನೂ ಬೇರೆ. ಅವಳೂ ಎಂಜಿನಿಯರಿಂಗ್ ಓದಿದವಳೇ ಇರಬಹುದು. 2015ರ ಮೇ ತಿಂಗಳವರೆಗೆ ಅವಳು ಅಲ್ಲಿ ದುಡಿಯುವಂತೆಯೇ ಇರಲಿಲ್ಲ, ಆಮೇಲೂ ಗಂಡನ ಖಾಯಂ ವಾಸದ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. 2017ರ ಫೆಬ್ರವರಿ 22ರಂದು ಕ್ಯಾನ್ಸಾಸ್ ಸೀಮೆಯ ಓಲೇತ ಎಂಬ ಊರಿನಲ್ಲಿ ಶ್ರೀನಿವಾಸ ಕೂಚಿಭೊಟ್ಲ ಎಂಬ ತೆಲುಗು ಎಂಜಿನಿಯರನ್ನು ಜನಾಂಗದ್ವೇಷಿಯೊಬ್ಬ ಗುಂಡಿಟ್ಟು ಕೊಂದ. ಆತ ಸತ್ತೊಡನೆ, ಆತನ ವೀಸಾದ ಆಸರೆಯಲ್ಲಿದ್ದ ಹೆಂಡತಿಗೆ ಆ ದೇಶದಲ್ಲಿರುವ ಹಕ್ಕೂ ತಪ್ಪಿತು. ಖಾಯಂ ವಾಸದ ಚೀಟಿಯಲ್ಲಿ ಯಾವ ಒಂದು ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಪಾಲಿಲ್ಲವೆಂದು ಅಲ್ಲಿನ ಕಾನೂನು. ಎಚ್-1ಬಿಯಲ್ಲಾದರೋ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾರತೀಯರು. ಸರತಿಯ ಉದ್ದವನ್ನು ವಾಚಕರೇ ಊಹಿಸಿಕೊಳ್ಳಬಹುದು. ದುಡಿಸಿಕೊಳ್ಳುವಾಗ ಎಪ್ಪತ್ತು, ನೆಲೆ ಕೊಡುವಾಗ ಏಳು.

ಅಮೆರಿಕದವರು ನಮ್ಮನ್ನು ಪ್ರೀತಿಯಿಂದ ಕರೆದರು, ಈಗ ದ್ವೇಷದಿಂದ ಅಟ್ಟುತ್ತಿದ್ದಾರೆಂದು ಅಳುವವರಿಗೆ ಒಂದು ಮಾತು. ಎಚ್-1ಬಿ ಹುಟ್ಟಿದ್ದು 1990ರ ಕಾಯಿದೆಯಿಂದ, ವರ್ಷಕ್ಕೆ 65,000 ಎಂಬ ಮಿತಿಯೊಡನೆ. ಎರಡು ಸಾವಿರದ ಇಸವಿ ಬಂದರೆ ಗಣಕಗಳ ತಾರೀಖು ಕೆಡುತ್ತದೆಂಬ ಭಯದಲ್ಲಿ ಕೈಗಳು ಬೇಕಾದಾಗ ಮಿತಿ 1,15,000ಕ್ಕೆ ಏರಿತು, 2001ರಿಂದ 2003ರವರೆಗೆ 1,95,000 ಆಯಿತು. ಅಷ್ಟರಲ್ಲಿ ಅಲ್ಲಿನ ಶೇರುಪೇಟೆ ಕುಸಿದು ಸಾವಿರಾರು ಮಂದಿ ಬರಿಗೈಯಲ್ಲಿ ಬೆಂಗಳೂರಿಗೆ ಮರಳಿದರು. 2004ರಲ್ಲಿ ಮಿತಿ ಪುನಃ 65,000ಕ್ಕೆ ಇಳಿಯಿತು, ಅಲ್ಲಿಯೇ ಉನ್ನತ ಪದವಿ ಪಡೆದವರಿಗೆ 20,000 ಬೇರೆ. ಕಣ್ವ ಜಲಾಶಯದ ತೂಬನ್ನು ಎತ್ತುವುದೂ ಇಳಿಸುವುದೂ ಗದ್ದೆಯ ಅಗತ್ಯ ನೋಡಿಕೊಂಡು. ನೀರಿನ ಮೇಲಿನ ಪ್ರೀತಿಯಿಂದಲ್ಲ.

ಅಲ್ಲಿನ ದುಡಿಮೆಗಾರನಾದರೂ ಸುಖಿಯೇ? 2015ರಲ್ಲಿ ಆರ್ಲ್ಯಾಂಡೊ ನಗರದ ಡಿಸ್ನಿ ಕಂಪನಿಯಲ್ಲಿ ಸುಮಾರು 250 ಮಂದಿ ನೌಕರರು ಕೆಲಸ ಕಳೆದುಕೊಂಡರು. ಹೊರಡುವ ಮುನ್ನ, ತಮ್ಮ ಜಾಗಕ್ಕೆ ಗುತ್ತಿಗೆಯ ಮೇಲೆ ಬಂದ ಭಾರತೀಯರಿಗೆ ಕೆಲಸ ಕಲಿಸಿಕೊಡಬೇಕಾಯಿತೆಂದು ಅವರಲ್ಲಿ ಹಲವರು ಬಹಿರಂಗವಾಗಿ ಹೇಳಿದರು. ಕಲಿಸಿದವನಿಗೆ ಕಲಿತವನ ಮೇಲೆ ಕೋಪ ಬಂದರೆ ಆಶ್ಚರ್ಯವಿಲ್ಲ. ಆದರೆ ಇಬ್ಬರನ್ನೂ ಎದುರುಬದುರು ಕೂರಿಸಿ ಅಂತರದ ಲಾಭ ಎತ್ತಿದವನು ಆ ಕೋಣೆಯಲ್ಲಿ ಇರಲೇ ಇಲ್ಲ. ಇತ್ತ ನಮ್ಮ ಕಂಪನಿಗಳೂ ಸಾಧುಗಳಲ್ಲ. ಸಭೆಗೆ, ಮಾತುಕತೆಗೆಂದು ಕೊಡುವ ಬಿ-1 ವೀಸಾದ ಮೇಲೆ ಜನರನ್ನು ಕಳುಹಿಸಿ ಕೆಲಸ ಮಾಡಿಸಿದರೆಂಬ ಆರೋಪದ ಮೇಲೆ ಅಮೆರಿಕಾ ಸರ್ಕಾರ ತನಿಖೆ ನಡೆಸಿದಾಗ, ಇನ್ಫೋಸಿಸ್ ಕಂಪನಿ ತಪ್ಪನ್ನು ಒಪ್ಪಿಕೊಳ್ಳದೆಯೇ 2013ರ ಅಕ್ಟೋಬರಿನಲ್ಲಿ 3 ಕೋಟಿ 40 ಲಕ್ಷ ಡಾಲರು ಕಟ್ಟಿ ವ್ಯಾಜ್ಯವನ್ನು ಇತ್ಯರ್ಥ ಮಾಡಿಕೊಂಡಿತು. ಆ ಕಂಪನಿಯ ಆದಾಯದಲ್ಲಿ ಅರ್ಧಕ್ಕೂ ಹೆಚ್ಚು ಬರುವುದು ಉತ್ತರ ಅಮೆರಿಕದಿಂದ.

ನಮ್ಮ ತಾಲ್ಲೂಕುಗಳ ಹುಡುಗರ ಮಟ್ಟಿಗೆ ಇನ್ನೊಂದು ಸಂಗತಿಯಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕ್ಯಾರಲ್ ಉಪಾಧ್ಯ ಮತ್ತು ಎ. ಆರ್. ವಾಸವಿ ಅವರು 2006ರಲ್ಲಿ ಹೊರತಂದ ಅಧ್ಯಯನ, ಈ ಉದ್ಯೋಗದಲ್ಲಿರುವವರು ಬಹುತೇಕ ಪಟ್ಟಣದ, ಮೇಲ್ಜಾತಿಯ, ಮಧ್ಯಮ ವರ್ಗದ ಮನೆಗಳಿಂದ ಬಂದವರೆಂದು ತೋರಿಸಿತು. ರಾಗಿ ಹೊಲದ, ಹಿಪ್ಪುನೇರಳೆ ತೋಟದ ಮನೆಯ ಮಕ್ಕಳು ಬಾಗಿಲಿಗೆ ತಲುಪಿದ್ದು ತೀರ ತಡವಾಗಿ. ತಲುಪುವ ಹೊತ್ತಿಗೆ ಬಾಗಿಲು ಕಿರಿದಾಗುತ್ತಿದೆ. ಮೊದಲು ಹೋದವರ ಮನೆಯಲ್ಲಿ ತಪ್ಪಿದರೆ ತಡೆದುಕೊಳ್ಳುವ ಶಕ್ತಿಯಿತ್ತು. ಇವರ ಮನೆಯಲ್ಲಿ ಸೊಸೈಟಿಯ ಸಾಲ, ಒಡವೆಯ ಅಡವು. ಅತ್ತ ಬಿಡದಿಯ ಪಕ್ಕದ ಬೈರಮಂಗಲ, ಕಂಚುಗಾರನಹಳ್ಳಿಗಳ ರೈತರು, ಕೃತಕ ಬುದ್ಧಿಮತ್ತೆಯ ನಗರ ಕಟ್ಟುತ್ತೇವೆಂದು ತಮ್ಮ ಸಾವಿರಾರು ಎಕರೆ ಭೂಮಿಗೆ ಕೈಹಾಕಿದ್ದನ್ನು ವಿರೋಧಿಸಿ 2025ರಲ್ಲಿ ಧರಣಿ ಕೂತರು. ಮಗ ಸಾಫ್ಟ್‌ವೇರಿಗೆ, ಭೂಮಿಯೂ ಸಾಫ್ಟ್‌ವೇರಿಗೆ. 2025ರ ಮೇ ತಿಂಗಳಲ್ಲಿ ಸಂಪುಟ ಒಪ್ಪಿ ಜಿಲ್ಲೆಯ ಹೆಸರೂ ಬೆಂಗಳೂರು ದಕ್ಷಿಣವೆಂದಾಯಿತು, ಇನ್ನೇನು ಬೇಕು?

ಅಮೆರಿಕದ ಬಾಗಿಲು ಕಿರಿದಾದಾಗ ಹಿತ್ತಿಲ ಬಾಗಿಲುಗಳ ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿಸಿ ಯುವಕರನ್ನು ಮ್ಯಾನ್ಮಾರಿನ ಗಡಿಯೊಳಗೆ ಒಯ್ದು, ಬಂದೂಕಿನ ಕಾವಲಿನಲ್ಲಿ ಮೋಸದ ಕರೆಗಳನ್ನು ಮಾಡಿಸುತ್ತಿದ್ದಾರೆಂದು ಭಾರತದ ವಿದೇಶಾಂಗ ಇಲಾಖೆ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಕೆ ಹೊರಡಿಸಿತು. 2025ರ ಮಾರ್ಚಿನಲ್ಲಿ ಐನೂರಕ್ಕೂ ಹೆಚ್ಚು ಮಂದಿಯನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಪರದೇಶದ ಕೆಲಸಕ್ಕೆ ಜನ ಸೇರಿಸುವ ದಲ್ಲಾಳಿ 1983ರ ವಲಸೆ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಿಕೊಂಡಿರಲೇಬೇಕು. ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಬೋರ್ಡು ಹಾಕಿದ ಮಾತ್ರಕ್ಕೆ ಆಗದು. ಅದೇ ಕಾಯಿದೆಯಲ್ಲಿ ವಲಸೆಗಾರರ ರಕ್ಷಣಾಧಿಕಾರಿ ಎಂಬೊಬ್ಬರಿದ್ದಾರೆ. ಮೆಟ್ರಿಕ್ ದಾಟದ ಕೂಲಿ ಕೊಲ್ಲಿ ದೇಶಕ್ಕೆ ಹೊರಟರೆ ಅವರ ಅನುಮತಿ ಬೇಕು, ಅವರು ಒಪ್ಪಂದದ ಕಾಗದ ನೋಡಬೇಕು. ಮೆಟ್ರಿಕ್ ಪಾಸಾದವನು ತನ್ನನ್ನು ತಾನೇ ರಕ್ಷಿಸಿಕೊಳ್ಳಬಲ್ಲನೆಂದು ಸರ್ಕಾರದ ನಂಬಿಕೆ. ಮೆಟ್ರಿಕ್ ಪಾಸಾದವರಾದ ನಮಗೆ ಆ ನಂಬಿಕೆ ಕೇಳಿ ನಗು ಬರುತ್ತದೆ.

ಕರ್ನಾಟಕ ಸರ್ಕಾರದ ಪಾಲೂ ಇದರಲ್ಲಿ ಸಣ್ಣದಲ್ಲ. ಕೆಲಸದ ವೇಳೆ, ರಜೆ, ಶಿಸ್ತು, ವಜಾ ಇವುಗಳ ನಿಯಮವನ್ನು ಬರೆದು ಕೆಲಸಗಾರನ ಕಣ್ಣಿಗೆ ಬೀಳುವಂತೆ ಇಡಬೇಕೆನ್ನುವ 1946ರ ಸ್ಥಾಯೀ ಆದೇಶಗಳ ಕಾಯಿದೆಯಿಂದ ಈ ಕಂಪನಿಗಳಿಗೆ 2014ರಲ್ಲಿ ಐದು ವರ್ಷ, 2019ರಲ್ಲಿ ಪುನಃ, 2024ರಲ್ಲಿ ಮತ್ತೆ ವಿನಾಯಿತಿ ಕೊಟ್ಟರು. ಆ ಕಾಯಿದೆ 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಸಂಹಿತೆಯೊಳಗೆ ಸೇರಿಹೋಯಿತು. 2024ರ ಜುಲೈನಲ್ಲಿ ದಿನಕ್ಕೆ ಹದಿನಾಲ್ಕು ಗಂಟೆಯವರೆಗೆ ದುಡಿಸಲು ದಾರಿಮಾಡುವ ಪ್ರಸ್ತಾಪವೂ ಹೊರಬಂತು. ಬೀದಿಗಿಳಿದು ವಿರೋಧಿಸಿದವರು ಯಾರು? 2017ರಲ್ಲಿ ನೋಂದಣಿಯಾದ ಕರ್ನಾಟಕ ರಾಜ್ಯ ಐಟಿ ಮತ್ತು ಐಟಿಇಎಸ್ ನೌಕರರ ಸಂಘದವರು. ಸಂಘ ಎಂದೊಡನೆ ನಮ್ಮ ಎಂಜಿನಿಯರುಗಳು ಅದು ಕಾರ್ಖಾನೆಯವರಿಗೆ ಎಂದು ಮೂಗು ಮುರಿಯುತ್ತಾರೆ. 2020ರ ನವೆಂಬರಿನಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯ ಕಾರ್ಮಿಕರು ಕೆಲಸದ ಹೊರೆಯ ವಿರುದ್ಧ ನಿಂತಾಗ ಬಾಗಿಲು ಮುಚ್ಚಿ ಅವರನ್ನು ಹೊರಗಿಟ್ಟರು, ತಿಂಗಳುಗಟ್ಟಲೆ ಅವರು ಕಷ್ಟಪಟ್ಟರು. ಆದರೆ ಅವರ ಕಷ್ಟ ಎಲ್ಲರಿಗೂ ಕಾಣುವಂತಿತ್ತು, ಶಾಸಕ ಮಂತ್ರಿಗಳು ಉತ್ತರ ಹೇಳಬೇಕಾಯಿತು. ಅಮೆರಿಕದ ಬಾಡಿಗೆ ಕೋಣೆಯೊಂದರಲ್ಲಿ ಅರವತ್ತು ದಿನ ಎಣಿಸುತ್ತಾ ಕೂತವನಿಗೆ ಯಾರು ಉತ್ತರ ಹೇಳುತ್ತಾರೆ?

ಹೋಗಬೇಡಿರೆಂದು ನಾವು ಯಾರಿಗೂ ಹೇಳುವವರಲ್ಲ. ದುಡಿಯುವವನಿಗೆ ಎಲ್ಲಿ ಒಳ್ಳೆಯ ಕೂಲಿಯೋ ಅಲ್ಲಿಗೆ ಹೋಗುವ ಸ್ವಾತಂತ್ರ್ಯವಿದೆ. ಊರು ಬಿಟ್ಟವರೆಲ್ಲ ದೇಶಬಿಟ್ಟ ದ್ರೋಹಿಗಳೆಂಬ ಉಪದೇಶವನ್ನು ಸಾಮಾನ್ಯವಾಗಿ ಮಾಡುವವರು ತಮ್ಮ ಮಕ್ಕಳನ್ನು ಕಳುಹಿಸಿ ಆದವರು. ಹೋಗುವವರು ತಿಳಿದು ಹೋಗಲಿ. ಎಚ್-1ಬಿಗೆ ಅರ್ಜಿ ಹಾಕುವ ಮುನ್ನ ಧಣಿಯು ಅಲ್ಲಿನ ಕಾರ್ಮಿಕ ಇಲಾಖೆಗೆ ಇಂತಿಷ್ಟು ಸಂಬಳ ಕೊಡುತ್ತೇನೆಂದು ಬರೆದುಕೊಟ್ಟಿರಬೇಕು. ಆ ಕಾಗದದ ನಕಲನ್ನು ಕೆಲಸಕ್ಕೆ ಸೇರುವ ದಿನದೊಳಗೆ ಕೆಲಸಗಾರನಿಗೆ ಕೊಡಬೇಕು. ಅದನ್ನು ಕೇಳಿ ಪಡೆಯಿರಿ. ಕೆಲಸವಿಲ್ಲವೆಂದು ಬೆಂಚಿನ ಮೇಲೆ ಕೂರಿಸಿದ ದಿನಗಳಿಗೂ ಧಣಿ ಸಂಬಳ ಕೊಡಬೇಕೆಂದು ಅಲ್ಲಿನ ಕಾನೂನು. ಅರ್ಜಿಯ ಖರ್ಚನ್ನು ಕೆಲಸಗಾರನ ತಲೆಗೆ ಕಟ್ಟಲು ಕೂಡದೆಂದೂ ಅದೇ ಕಾನೂನು. ವೀಸಾ ಮಾಡಿಸಲು ಇಷ್ಟು ಲಕ್ಷವೆಂದು ಯಾರಾದರೂ ಕೇಳಿದರೆ ಅಲ್ಲಿಯೇ ಎದ್ದು ಬನ್ನಿ. ಆರು ವರ್ಷ ಕಟ್ಟಿದ ಮಾಸಾಶನದ ದುಡ್ಡಿನ ಪ್ರಶ್ನೆಯನ್ನು, ಮತ ಕೇಳಲು ಬಂದ ಪ್ರತಿಯೊಬ್ಬ ಲೋಕಸಭಾ ಅಭ್ಯರ್ಥಿಯ ಮುಂದೆ ಇಡಿ. 36,720 ಡಾಲರಿನ ಲೆಕ್ಕವನ್ನು ಚೀಟಿಯಲ್ಲಿ ಬರೆದೇ ಕೊಡಿ.

ಜಾಮೀನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ನಾಲ್ಕು ತಾಲ್ಲೂಕಿನ ಯಾವ ತಂದೆತಾಯಿಯಾದರೂ ಅದನ್ನು ನಮ್ಮ ಕಚೇರಿಗೆ ತರಬಹುದು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಓದಿ ಕನ್ನಡದಲ್ಲಿ ಹೇಳುವ ಏರ್ಪಾಡು ಮಾಡಿದ್ದೇವೆ. ವಕೀಲರೊಬ್ಬರು ಜೊತೆಗಿರುತ್ತಾರೆ. ಶುಲ್ಕವಿಲ್ಲ. ಪಹಣಿ ತರಬೇಡಿ.